ಬೋರಲು ತಾಟು

ನಮ್ಮ ಮನೆಯ ಹೊಸ್ತಿಲ ಬಲಗಡೆ ಹಿತ್ತಾಳೆಯ ತಾಟೊಂದು ಬೋರಲು ಬಿದ್ದಿತೆಂದರೆ ಓಣಿಯ ಜನ ದನಿ ತಗ್ಗಿಸುತ್ತಿದ್ದರು. ಒಳಗೆ ನಾನು ಉಪವಾಸವಿದ್ದೇನೆ ಎಂದು ಅದರ ಅರ್ಥ. ಊರಿನಲ್ಲಿ ಯಾರದೋ ಜೀವ ಹೋಗಲೋ ಇರಲೋ ಎನ್ನುತ್ತಿದೆ ಎಂದೂ ಅರ್ಥ. ಹೋಗುವವರು ಬರುವವರು ಬಗ್ಗಿ ತಾಟಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮಕ್ಕಳು ಅದರ ಹತ್ತಿರ ಬುಗುರಿ ಆಡುತ್ತಿರಲಿಲ್ಲ. ಒಳಗೆ ಕೂತ ನನಗೆ ಅವರ ಉಂಗುರವೋ ಬಳೆಯೋ ತಾಟಿಗೆ ತಾಗಿದ ಸದ್ದು ಮಾತ್ರ ಕೇಳುತ್ತಿತ್ತು, ಟಣ್ ಎಂದು. ಆ ಸದ್ದಿಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಇದನ್ನು ಹೇಳಲು ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ, ಆದರೆ ಹೇಳದೆ ಕತೆ ಮುಂದೆ ಹೋಗುವುದಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅಪ್ಪ ಅವ್ವ ಬೇಗ ಹೋಗಿಬಿಟ್ಟಿದ್ದರು. ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ಬಾಳವ್ವತ್ತೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಓಣಿಯ ಹಬ್ಬ ಹುಣ್ಣಿಮೆಗಳಲ್ಲಿ ಹೆಂಗಸರು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಆ ವರ್ಷ ಅತ್ತೆಗೆ ಜ್ವರ ಬಂದು ನಾಲಗೆ ಬಿದ್ದುಹೋಯಿತು. ನಾನು ಅವಳ ತಲೆದೆಸೆಯಲ್ಲಿ ಮೂರು ದಿನ ಏನೂ ತಿನ್ನದೆ ಕೂತೆ. ಅದು ವ್ರತವಲ್ಲ, ಹರಕೆಯಲ್ಲ. ಭಯಕ್ಕೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ, ಅಷ್ಟೇ. ನಾಲ್ಕನೆಯ ದಿನ ಅತ್ತೆ ಕಣ್ಣು ಬಿಟ್ಟು ಗಂಜಿ ಕೇಳಿದಳು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು. ಎದ್ದು ಓಡಾಡುವಂತಾದ ಮೇಲೆ ಅವಳು ಮನೆ ಮನೆಗೆ ಹೋಗಿ ಹೇಳಿದಳು, "ಯಮನ ಕೈಯಾಗಿನ ಹಗ್ಗಾ ಕಸಕೊಂಡಾಳ ನಮ್ಮ ಹುಡಿಗಿ, ಬರೇ ಉಪಾಸದ ಮ್ಯಾಲ."

ಮುಂದಿನ ತಿಂಗಳು ಎದುರು ಮನೆಯವರು ಕೇಳಿಕೊಂಡರು. ಅವರ ಮುದುಕನೂ ಎದ್ದು ಕೂತ. ಆಮೇಲೆ ಪಕ್ಕದ ಓಣಿ, ಆಮೇಲೆ ಕೆರೆಯಾಚೆಯ ಕೇರಿ. ಕಟ್ಟಲೆಗಳನ್ನು ಯಾರು ಮಾಡಿದರೋ ಗೊತ್ತಿಲ್ಲ, ಒಂದೊಂದಾಗಿ ಹುಟ್ಟಿಕೊಂಡವು. ಮೂರು ದಿನ ನಾನು ನೀರು ಮಾತ್ರ ಕುಡಿಯಬೇಕು. ಆ ಮೂರು ದಿನ ರೋಗಿಯ ಬಾಯಿಗೆ ಔಷಧ ಹೋಗಬಾರದು, ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಮುಳುಗುತ್ತವೆ. ನಾಲ್ಕನೆಯ ಬೆಳಿಗ್ಗೆ ಆ ಮನೆಯವರೇ ಅಡುಗೆ ಮಾಡಿ ತಂದು ನನಗೆ ಎಲೆ ಹಾಕಬೇಕು. ಮತ್ತು ಆ ಎಲೆಯಲ್ಲಿ ನಾನು ಒಂದು ಅಗುಳೂ ಉಳಿಸಬಾರದು. ಉಳಿದರೆ ಅಷ್ಟು ಜಡ್ಡು ರೋಗಿಯ ಮೈಯಲ್ಲಿ ಉಳಿದಂತೆ.

ಈ ಕೊನೆಯ ಕಟ್ಟಲೆ ನನ್ನನ್ನು ತಿಂದಿತು. ಜನ ಕೆಟ್ಟವರಲ್ಲ. ತಮ್ಮವರ ಮೇಲಿನ ಪ್ರೀತಿಯಷ್ಟನ್ನೂ ಎಲೆಗೆ ಸುರಿಯುತ್ತಿದ್ದರು. ಕಾಯಿಲೆ ದೊಡ್ಡದಾದಷ್ಟೂ ಎಲೆ ದೊಡ್ಡದು. ಹೋಳಿಗೆ, ಅದು ಮುಳುಗುವಷ್ಟು ತುಪ್ಪ, ಮಾದಲಿ, ಎಣ್ಣೆಗಾಯಿ, ಚಿತ್ರಾನ್ನ, ಮತ್ತೆ ಅನ್ನ, ಮತ್ತೆ ಸಾರು. ಮೂರು ದಿನ ಖಾಲಿ ಬಿದ್ದ ಹೊಟ್ಟೆಗೆ ಮೂರು ಜನರ ಊಟ. ಸುತ್ತ ಹತ್ತು ಜನ ಕೈಮುಗಿದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. "ಇನ್ನೊಂದ ತುತ್ತು ತಾಯಿ, ಇನ್ನೊಂದ. ನನ್ನ ಮಗನ ಸಲುವಾಗಿ." ಉಸಿರು ಸಿಕ್ಕಿಕೊಂಡರೂ ನುಂಗುತ್ತಿದ್ದೆ. ಎಲೆ ಖಾಲಿಯಾದಾಗ ಅವರು ಅಳುತ್ತಿದ್ದರು, ನಾನು ಹಿತ್ತಿಲಿಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಆಗ ಜಗಲಿಯ ಮೇಲೆ ಎಲ್ಲರ ನಡುವೆ ಕೂತು ಎಲೆಯಡಿಕೆ ಹಂಚುತ್ತಿದ್ದಳು. ಅವಳನ್ನು ಯಾರೂ ಈಗ ಹಿಂದಿನ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ.

ಒಂದೆರಡು ವರ್ಷ ಹೀಗೆ ನಡೆದ ಮೇಲೆ ನನ್ನೊಳಗೆ ಏನೋ ಕೆಟ್ಟಿತು. ಹರಕೆಯಿಲ್ಲದ ದಿನಗಳಲ್ಲಿ, ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಮಲಗಿದ್ದಾಗ, ನಾನು ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಲ್ಲಿ ಸಾಲಾಗಿ ಡಬ್ಬಿಗಳಿದ್ದವು: ಪುಠಾಣಿ, ಶೇಂಗಾ, ಅವಲಕ್ಕಿ, ಒಣಕೊಬ್ಬರಿ, ಬೆಲ್ಲ. ನಿಂತೇ ತಿನ್ನುತ್ತಿದ್ದೆ. ಮೊದಲು ಒಂದು ಹಿಡಿ ಎಂದುಕೊಂಡು ಹೋಗುತ್ತಿದ್ದೆ. ಆ ಮೊದಲ ಹಿಡಿಯ ನೆನಪಿದೆ ನನಗೆ, ಆಮೇಲಿನದರ ನೆನಪಿಲ್ಲ. ರುಚಿಗೆ ತಿಂದದ್ದಲ್ಲ. ಶೇಂಗಾ ಮುಗಿದರೆ ಅವಲಕ್ಕಿ, ಅವಲಕ್ಕಿ ಮುಗಿದರೆ ಹಸಿ ಹಿಟ್ಟು ಮುಕ್ಕಿದ್ದೂ ಉಂಟು. ಸದ್ದಾಗಬಾರದೆಂದು ಬೆಲ್ಲವನ್ನು ಕಡಿಯದೆ ದವಡೆಯಲ್ಲಿಟ್ಟು ಚೀಪುತ್ತಿದ್ದೆ. ಹೊರಗೆ ಬಂದಾಗ ಹೊಟ್ಟೆ ತಮಟೆಯಾಗಿರುತ್ತಿತ್ತು, ನನ್ನ ಮೇಲೆ ನನಗೆ ಅಸಹ್ಯ. ಥೂ, ಇನ್ನು ನಾಳೆಯಿಂದ ಇಲ್ಲ ಎಂದು ಆಣೆ ಇಟ್ಟುಕೊಳ್ಳುತ್ತಿದ್ದೆ. ಆ ನಾಳೆಗಳನ್ನೆಲ್ಲ ಪೋಣಿಸಿದ್ದರೆ ಕೆರೆ ಸುತ್ತಿ ಬರುವಷ್ಟು ಉದ್ದದ ಸರವಾಗುತ್ತಿತ್ತು.

ಆಗೆಲ್ಲ ಯಾರಾದರೂ ಹರಕೆ ಕೇಳಿಕೊಂಡು ಬಂದರೆ ನನಗೆ ಸಂತೋಷವೇ ಆಗುತ್ತಿತ್ತು. ಇನ್ನು ಮೂರು ದಿನ ತೊಳೆದುಕೊಂಡು ಚೊಕ್ಕಟವಾಗುತ್ತೇನೆ ಎಂದುಕೊಳ್ಳುತ್ತಿದ್ದೆ. ಉಪವಾಸ ಮಾಡಿದಷ್ಟೂ ಆಮೇಲೆ ಮುಕ್ಕುವುದು ಹೆಚ್ಚುತ್ತದೆ, ಮುಕ್ಕಿದಷ್ಟೂ ಉಪವಾಸ ಬೇಕೆನಿಸುತ್ತದೆ ಎಂಬುದು ಇಂದು ಗೊತ್ತು. ಗಾಣದ ಎತ್ತಿಗೆ ತಾನು ಸುತ್ತುತ್ತಿರುವುದು ಗೊತ್ತಾಗುತ್ತದೆಯೇ? ನನಗೂ ಗೊತ್ತಾಗಲಿಲ್ಲ.

ಹೂಗಾರ ಗುರುಪಾದಪ್ಪನ ಹರಕೆಯ ಎರಡನೆಯ ದಿನ ನಾನು ಉಗ್ರಾಣಕ್ಕೆ ಹೋದೆ. ಹೊಸ್ತಿಲಲ್ಲಿ ತಾಟು ಬೋರಲಿತ್ತು. ಅವನ ಹೆಂಡತಿ ತಿಪ್ಪವ್ವ ಆಗಷ್ಟೇ ಬಂದು ಅದನ್ನು ಮುಟ್ಟಿ ಹೋಗಿದ್ದಳು. ನಾನು ಕತ್ತಲೆಯಲ್ಲಿ ನಿಂತು ಪುಠಾಣಿ ತಿಂದೆ, ಡಬ್ಬಿಯ ತಳ ಕೈಗೆ ತಾಗುವವರೆಗೆ ತಿಂದೆ. ಮರುದಿನ ಬೆಳಿಗ್ಗೆ ಗುರುಪಾದಪ್ಪ ತೀರಿಕೊಂಡ. ನಲವತ್ತು ದಾಟದ ಗಂಡಸು, ದಾರಿಯಲ್ಲಿ ಕಂಡಾಗಲೆಲ್ಲ ಕನಕಾಂಬರದ ತುಂಡೊಂದನ್ನು ಕೈಗಿಟ್ಟು ಹೋಗುತ್ತಿದ್ದವನು. ತಿಪ್ಪವ್ವ ಬಂದು ನನ್ನ ಕಾಲು ಮುಟ್ಟಿದಳು. "ನೀ ಮಾಡೂದು ಮಾಡಿದಿ ತಾಯಿ. ಅಂವ ಪಡಕೊಂಡ ಬಂದದ್ದ ಅಷ್ಟು," ಎಂದಳು. ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ನಾನು ಅಂದೇ ಉಳಿದುಕೊಳ್ಳುತ್ತಿದ್ದೆನೋ ಏನೋ.

ಆಮೇಲೆ ಪ್ರತಿ ಹರಕೆಯಲ್ಲೂ ತಿಂದೆ. ಬದುಕಿದವರು ಬದುಕಿದರು, ಸತ್ತವರು ಸತ್ತರು. ಬದುಕಿದರೆ ನನ್ನ ಪುಣ್ಯ, ಸತ್ತರೆ ಅವರ ಹಣೆಬರಹ. ಊರಿಗೆ ಈ ಲೆಕ್ಕ ಚೆನ್ನಾಗಿಯೇ ಒಪ್ಪಿತ್ತು. ನನಗೆ ಮಾತ್ರ ತಿರುಗಾಮುರುಗಾ. ಸತ್ತವರೆಲ್ಲ ನನ್ನ ಬಾಯಿಂದ ಸತ್ತರು ಎಂದು ನಾನು ನಂಬಿದ್ದೆ. ಬೀದಿಯಲ್ಲಿ ಹೆಣದ ತಮಟೆ ಕೇಳಿದರೆ ನಾಲಗೆ ಒಣಗುತ್ತಿತ್ತು, ಕಾಲುಗಳು ತಾವಾಗಿ ಉಗ್ರಾಣದ ಕಡೆಗೆ ಎಳೆಯುತ್ತಿದ್ದವು. ಆ ಕೋಣೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ನಾನೆಷ್ಟೇ ತಿಂದರೂ ಮರುದಿನ ಡಬ್ಬಿಗಳು ತುಂಬಿರುತ್ತಿದ್ದವು. ನೋಡುತ್ತಿದ್ದೆ, ಯೋಚಿಸುತ್ತಿರಲಿಲ್ಲ. ಯೋಚಿಸಿದರೆ ತಿನ್ನಲು ಆಗುತ್ತಿರಲಿಲ್ಲ.

ಊರಲ್ಲಿ ನನ್ನ ಕಾಲು ಮುಟ್ಟದವಳು ಒಬ್ಬಳೇ ಇದ್ದಳು, ಫಕೀರವ್ವ. ಲಂಗ ಉಡುವ ಕಾಲದಿಂದ ನನ್ನ ಜೊತೆ ಆಡಿ ಬೆಳೆದವಳು. ಮದುವೆಯಾಗಿ ಮೂರು ಮನೆ ಆಚೆಗೇ ಇದ್ದಳು. ಅವಳ ಗಂಡ ಯಮನಪ್ಪ ಗಾಡಿ ಹೊಡೆಯುತ್ತಿದ್ದ. ಎದುರಿಗೆ ಸಿಕ್ಕಾಗಲೆಲ್ಲ ಫಕೀರವ್ವ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದಳು. "ಏನ್ ಸ್ವಾಮಾರ, ಇವತ್ತರ ನಮ್ಮಂಥ ಮಂದಿ ಉಂಡಂಗ ಉಣತೀರೋ, ಇಲ್ಲಾ ಗಾಳಿ ಕುಡದ ಮಲಗತೀರೋ?" ಅವಳ ಆ ನಗೆಗಾಗಿ ನಾನು ಕಾಯುತ್ತಿದ್ದೆ. ಊರಿಗೆಲ್ಲ ನಾನು ದೇವರಂತಾಗಿದ್ದಾಗ ನನ್ನನ್ನು ಹೆಣ್ಣಾಗಿ ನೋಡುತ್ತಿದ್ದವಳು ಅವಳು ಮಾತ್ರ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮಗಳು ಸಾವಂತ್ರಿ ಜ್ವರದಿಂದ ಮಲಗಿದಳು. ನಾಲ್ಕು ವರ್ಷದ ಕೂಸು, ಐದು ವರ್ಷ ದೇವರು ದಿಂಡರೆಂದು ಸುತ್ತಿದ ಮೇಲೆ ಹುಟ್ಟಿದವಳು. ಬೆಳಿಗ್ಗೆ ಬಾಗಿಲಲ್ಲಿ ಫಕೀರವ್ವ ಬಂದು ನಿಂತಾಗ ನಾನು ನಗುತ್ತಾಳೆಂದು ನೋಡಿದೆ. ಅವಳು ಬಗ್ಗಿ ನನ್ನ ಕಾಲು ಹಿಡಿದುಕೊಂಡಳು.

"ಏ, ಏಳಽ ಫಕೀರಿ. ಏನಿದು?"

"ನಾ ನಿನ್ನ ಭಾಳ ನಗಿಚಾಟಿ ಮಾಡೇನಿ. ಅದನ್ನ ಮನಸಿನ್ಯಾಗ ಇಟಗೋಬ್ಯಾಡ. ನನ್ನ ಕೂಸಿನ ಸಲುವಾಗಿ ಒಂದ ಹರಕಿ ಹಿಡಿ."

"ಮೊದಲ ದವಾಖಾನಿಗೆ ಒಯ್ಯಿ. ಗಾಡಿ ಹೂಡಿದರ ಎರಡ ತಾಸಿನ ಹಾದಿ. ಆಮ್ಯಾಲ ನೋಡೂಣು."

"ಎರಡೂ ಮಾಡಿದರ ಎರಡೂ ಕೆಡತಾವಂತಲ್ಲ? ಯಮನಪ್ಪನೂ ಗಾಡಿ ಹೂಡತೇನಿ ಅಂದ. ನಾನ ಬ್ಯಾಡ ಅಂದೆ. ನೀ ಇದ್ದೀಯಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆ, "ಖರೇ ಐತಿ ಅಕಿ ಹೇಳೂದು. ನಂಬಿ ಬಂದವರನ್ನ ಹೊಳ್ಳಿ ಕಳಿಸಬಾರದು," ಎಂದಳು. ಅವಳು ತಾಟು ತಂದು ಹೊಸ್ತಿಲ ಬಲಗಡೆ ಬೋರಲು ಹಾಕಿದಳು. ಫಕೀರವ್ವ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಟಣ್ ಎಂದಿತು.

ಈ ಸಲ ತಿನ್ನುವುದಿಲ್ಲ ಎಂದುಕೊಂಡಿದ್ದೆ. ಸತ್ಯವಾಗಿ ಎಂದುಕೊಂಡಿದ್ದೆ. ಉಗ್ರಾಣಕ್ಕೆ ಬೆನ್ನು ಹಾಕಿ ಪಡಸಾಲೆಯಲ್ಲಿ ಕೂತೆ. ಮಧ್ಯಾಹ್ನ ಮೂರು ಮನೆ ಆಚೆಯಿಂದ ಕೂಸು ಚೀರಿದ್ದು ಕೇಳಿಸಿತು, ಒಂದೇ ಎಳೆಯ, ಉದ್ದನೆಯ ಚೀರು. ಒಂದು ಕಾಲಕ್ಕೆ ಭಯವಾದರೆ ನನ್ನ ಹೊಟ್ಟೆ ಮುಚ್ಚಿಕೊಳ್ಳುತ್ತಿತ್ತು. ಈಗ ಭಯವೆಂದರೆ ಬಾಯಿ ತೆರೆಯುವುದು ಎಂದಾಗಿತ್ತು. ಕಾಲು ಹೋಯಿತು, ಕೈ ಹೋಯಿತು, ಬಾಗಿಲು ಮುಚ್ಚಿತು. ಅರ್ಧ ತಾಸಿನಲ್ಲಿ ಎರಡು ಡಬ್ಬಿ ತಳ ಕಂಡವು.

ಮರುದಿನ ಅದೇ ಹೊತ್ತಿಗೆ ಫಕೀರವ್ವ ಹೊಸ್ತಿಲಿಗೆ ಬಂದಳು. ಹರಕೆ ನಡೆಯುವಾಗ ಯಾರೂ ಒಳಗೆ ಬರುವಂತಿರಲಿಲ್ಲ, ಕದ ಅರ್ಧ ಮುಚ್ಚಿರುತ್ತಿತ್ತು. ನಾನು ಉಗ್ರಾಣದಿಂದ ಓಡಿಬಂದು ಕದದ ಹಿಂದೆ ನಿಂತೆ.

"ಕುತ್ತಿಗಿ ಹಿಂದಕ್ಕ ಸೆಟೆದೈತಿ," ಎಂದಳು. "ಬೆಳಕ ಕಂಡರ ಚೀರತಾಳ. ಕಂಬಳಿ ಮುಚ್ಚಿ ಕುಂತೇವಿ. ನಾಳಿಗೆ ಮುಗೀತೈತಲ್ಲ? ನೀ ಗಟ್ಟಿ ಇದ್ದೀಯಲ್ಲ?"

ನನ್ನ ದವಡೆಯ ಸಂದಿನಲ್ಲಿ ಬೆಲ್ಲದ ಚೂರು ಕರಗುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು. ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. ನಾನು ನಾಲಗೆಯಿಂದ ಬೆಲ್ಲವನ್ನು ಪಕ್ಕಕ್ಕೆ ಸರಿಸಿ, "ಗಟ್ಟಿ ಇದ್ದೇನಿ," ಎಂದೆ.

"ನಿನ್ನ ಹೊಟ್ಟಿ ತಣ್ಣಗಿರಲಿ," ಎಂದು ಹರಸಿ ಅವಳು ಹೋದಳು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ನೀರು ತರಲು ಹೋದವಳು ಬರಿಗೊಡದೊಂದಿಗೆ ವಾಪಸು ಬಂದಳು. "ಕೂಸು ಕರದರ ಓ ಅನ್ನವಲ್ಲದಂತ," ಎಂದಳು. ಅವಳ ಮುಖ ಬಿಳಿಚಿತ್ತು. "ಇವತ್ತೊಂದ ದಿನ ತಡಕೊಂಡರ ಆತು."

"ಅತ್ತಿ, ಏನ ತಡಕೊಳ್ಳೂದು? ನಾ ತಿಂದೇನಿ," ಎಂದೆ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಸಣ್ಣದಾಗಿತ್ತು. "ಮೊದಲನೇ ದಿನಾನ ತಿಂದೆ. ನಿನ್ನೆನೂ ತಿಂದೆ. ಗುರುಪಾದಪ್ಪಗೂ ತಿಂದೆ. ಎಲ್ಲಾರಿಗೂ ತಿಂದೇನಿ."

ಅತ್ತೆ ಗೋಳಾಡುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು.

"ನನಗ ಗೊತ್ತಿಲ್ಲೇನು? ಡಬ್ಬಿ ತುಂಬಿಸಿದವರು ಯಾರಂತ ತಿಳದಿ?"

ನಾನು ಅವಳ ಮುಖ ನೋಡಿದೆ. ಅದೇ ಮುಖ, ನನಗೆ ತಲೆ ಬಾಚಿದ, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದ ಅದೇ ಅತ್ತೆ.

"ನೀ ಖಾಲಿ ಹೊಟ್ಟೀಲೆ ಸಾಯಬಾರದಂತ ತುಂಬಿಸಿದೆ," ಎಂದಳು. "ಮತ್ತ ಊರಿಗೆ ನೀ ಉಪಾಸ ಇರೂದು ಬೇಕಾಗಿಲ್ಲ ಮಗಳ. ನೀ ಉಪಾಸ ಇದ್ದೀ ಅನ್ನೂದು ಬೇಕಾಗೇತಿ. ಅಷ್ಟಕ್ಕ ಅವರಿಗೆ ಧೈರ್ಯಾ ಬರತೈತಿ, ನಿದ್ದಿ ಬರತೈತಿ. ಅದನ್ಯಾಕ ಕಸಗೋತಿ? ಬಾಯಿ ಮುಚ್ಚಿಕೊಂಡ ಕುಂಡ್ರು. ಸಂಜೀತನಾ."

"ಸಂಜೀತನಾ ಕೂಸು ಇರತೈತೇನು?"

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ದೂಡಿಕೊಂಡು ಹೋದೆ ಎಂದರೆ ಸುಳ್ಳಾಗುತ್ತದೆ. ನಾನು ಮುಂದೆ ಬಂದೆ, ಅವಳು ನನ್ನ ಕಣ್ಣು ನೋಡಿ ತಾನೇ ಪಕ್ಕಕ್ಕೆ ಸರಿದಳು. ಹೊಸ್ತಿಲ ಹೊರಗೆ ಬಗ್ಗಿ ತಾಟನ್ನು ಎತ್ತಿಕೊಂಡು ಬೀದಿಗಿಳಿದೆ. ಮೂರು ಮನೆ ದಾಟುವುದರೊಳಗೆ ಓಣಿಯೇ ನಿಂತುಹೋಯಿತು. ಹರಕೆ ಮುಗಿಯುವ ಮುನ್ನ ತಾಟು ನೆಟ್ಟಗಾದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು.

ಫಕೀರವ್ವನ ಅಂಗಳದಲ್ಲಿ ಹತ್ತು ಹದಿನೈದು ಜನ ಕೂತಿದ್ದರು. ಒಳಗೆ ಕಂಬಳಿ ಇಳಿಬಿಟ್ಟ ಕತ್ತಲೆ. ಕಟ್ಟೆಯ ಮೇಲೆ ನೆರೆಯವರು ತಂದಿಟ್ಟ ರೊಟ್ಟಿಯ ಬುಟ್ಟಿಯಿತ್ತು, ಯಾರೂ ಮುಟ್ಟಿರಲಿಲ್ಲ. ನಾನು ತಾಟು ಇಟ್ಟು ಅಂಗಳದ ನಡುವೆ ಕೂತು ಹೇಳಿದೆ, "ಫಕೀರಿ, ಒಂದ ರೊಟ್ಟಿ ಹಾಕು."

ಅವಳು ಕಂಬಳಿ ಸರಿಸಿ ಹೊರಗೆ ಬಂದಳು. "ಹುಚ್ಚ ಹಿಡಿದೈತೇನ ನಿನಗ?"

ಯಾರೂ ಕೊಡುವುದಿಲ್ಲವೆಂದು ಗೊತ್ತಾಯಿತು. ನಾನೇ ಎದ್ದು ಬುಟ್ಟಿಯಿಂದ ರೊಟ್ಟಿ ತೆಗೆದು ತಾಟಿಗೆ ಹಾಕಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆ ಮುರಿದು ಬಾಯಿಗಿಟ್ಟೆ. ಒಣ ಜೋಳದ ರೊಟ್ಟಿ, ಅಂಚು ಸ್ವಲ್ಪ ಸೀದಿತ್ತು. ನನಗೆ ಅದರ ರುಚಿ ತಿಳಿಯಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಅಗಿದೆ, ನುಂಗಿದೆ, ಬಾಯಿ ತೆರೆದು ತೋರಿಸಿದೆ.

"ಹರಕಿ ಮುರೀತು. ಯಮನಪ್ಪ, ಗಾಡಿ ಹೂಡು."

ಅಂಗಳ ಗುಜುಗುಜು ಎಂದಿತು. ಮೂಲೆಯಿಂದ ಒಬ್ಬ ಮುದುಕಿ, "ಮುರದರ ಮುರೀಲಿ, ಇವತ್ತಿಂದ ಮತ್ತ ಮೂರ ದಿನಾ ಹಿಡೀಲಿ. ತಪ್ಪ ಕಾಣಿಕಿ ಕಟ್ಟೂಣು," ಎಂದಳು. ಹೌದು ಹೌದು ಎಂದರು ಕೆಲವರು. ಫಕೀರವ್ವ ಕೂಡ ನನ್ನ ಕಡೆ ಕೈಮುಗಿದಳು. "ಹಿಡೀ ತಾಯಿ, ಮತ್ತ ಹಿಡಿ."

ಆಗ ನನಗೆ ತಿಳಿಯಿತು, ಒಂದು ರೊಟ್ಟಿಯಿಂದ ಆಗುವ ಕೆಲಸ ಇದಲ್ಲ ಎಂದು.

"ಮುರಿದದ್ದು ಈಗಲ್ಲ," ಎಂದೆ. "ಮೊನ್ನೇನ ಮುರಿದೈತಿ. ನಿನ್ನೆ ನೀ ಬಂದ ಕೇಳಿದಾಗ ನನ್ನ ಬಾಯಾಗ ಬೆಲ್ಲ ಇತ್ತು ಫಕೀರಿ. ಹೋದ ಎರಡ ವರ್ಷದಾಗ ಒಂದ ಉಪಾಸಾನೂ ನಾ ಪೂರ್ತಿ ಮಾಡಿಲ್ಲ. ಉಗ್ರಾಣದಾಗ ಬಾಗಲಾ ಹಾಕಿಕೊಂಡ ತಿಂದೇನಿ. ನಿಮ್ಮ ಮಂದಿ ಬದಕಿದ್ದು ನನ್ನಿಂದ ಅಲ್ಲ. ನನ್ನ ಉಪಾಸಕ್ಕ ಏನೂ ಇಲ್ಲ, ಬರೇ ಹಸಿವಿ ಐತಿ. ಕೂಸಿನ್ನ ಒಯ್ರಿ."

ಮೊದಲು ಎದ್ದವಳು ತಿಪ್ಪವ್ವ, ಗುರುಪಾದಪ್ಪನ ಹೆಂಡತಿ. ಅವಳು ಅಂಗಳದ ಮಣ್ಣನ್ನು ಬೊಗಸೆಯಲ್ಲಿ ಬಾಚಿ ನನ್ನ ಮೇಲೆ ತೂರಿದಳು. ತಾಟಿನೊಳಗಿನ ರೊಟ್ಟಿಯ ಮೇಲೂ ಮಣ್ಣು ಬಿತ್ತು. "ನನ್ನ ಗಂಡಗೂ ತಿಂದಿಯೇನಽ?" ಎಂದು ಕೇಳಿದಳು. "ತಿಂದೆ," ಎಂದೆ. ಮತ್ತೆ ಬಾಚಿದಳು. ಕಣ್ಣಲ್ಲಿ ಮಣ್ಣು ಹೋಗಿ ನನಗೇನೂ ಕಾಣಿಸಲಿಲ್ಲ. ಎತ್ತುಗಳ ಕೊರಳ ಗಂಟೆ ಮಾತ್ರ ಕೇಳಿಸಿತು. ಯಮನಪ್ಪ ಯಾರನ್ನೂ ಕೇಳದೆ ಗಾಡಿ ಹೂಡುತ್ತಿದ್ದ.

ಐದನೆಯ ದಿನ ಗಾಡಿ ವಾಪಸು ಬಂತು. ಸಾವಂತ್ರಿ ಉಳಿದಿದ್ದಳು. ಆದರೆ ಜ್ವರ ಅವಳ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು, ಎರಡನ್ನೂ. ಎರಡು ದಿನ ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಈ ಮಾತನ್ನು ನನಗೆ ಯಾರೂ ನೇರವಾಗಿ ಹೇಳಲಿಲ್ಲ. ನಾನು ಹೋಗುವಾಗ ನನ್ನ ಬೆನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿಕೊಂಡರು.

ಅತ್ತೆ ಉಗ್ರಾಣಕ್ಕೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಬೀಗ ಬಿದ್ದ ಮೇಲೆ ನನ್ನ ಹುಚ್ಚು ಹೆಚ್ಚೇ ಆಯಿತು. ಒಂದು ದಿನ ಅವಳ ಸೆರಗಿನ ಗಂಟಿಗೆ ಕೈ ಹಾಕಿಬಿಟ್ಟೆ. ಅವಳು ಬೆಚ್ಚಿ ನೋಡಿದಳು. ಅಂದೇ ನಾನು ಬಡಿಗನನ್ನು ಕರೆಸಿ ಆ ಕೋಣೆಯ ಬಾಗಿಲನ್ನೇ ಚೌಕಟ್ಟಿನಿಂದ ಕಿತ್ತುಹಾಕಿಸಿದೆ.

"ಬಾಗಲಾ ಇಲ್ಲದ ಉಗ್ರಾಣ ಯಾರ ಮನ್ಯಾಗರ ಐತೇನು?" ಎಂದು ಅತ್ತೆ ಬಾಯಿ ಬಡಿದುಕೊಂಡಳು.

"ನಮ್ಮ ಮನ್ಯಾಗ," ಎಂದೆ.

ಬಾಗಿಲ ಹಿಂದೆ ಏನನ್ನೂ ತಿನ್ನಬಾರದು ಎಂಬುದೊಂದೇ ನನಗೆ ಉಳಿದ ಹರಕೆ. ಮೂರು ಹೊತ್ತೂ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು ಉಂಡೆ. ಹೋಗುವವರು ಉಗಿದು ಹೋಗುತ್ತಿದ್ದರು. ತಿಪ್ಪವ್ವ ದಿನವೂ ಮಧ್ಯಾಹ್ನ ಎದುರು ಕಟ್ಟೆಗೆ ಬಂದು, ನಾನು ಉಂಡು ಮುಗಿಸುವವರೆಗೆ ನನ್ನನ್ನೇ ನೋಡುತ್ತ ಕೂರುತ್ತಿದ್ದಳು. ಆದರೂ ಉಂಡೆ. ತಪ್ಪಿದ ದಿನಗಳಿದ್ದವು, ಬೇಕಾದಷ್ಟು. ಹಿತ್ತಿಲಲ್ಲಿ, ಹುಲ್ಲಿನ ಬಣವೆಯ ಹಿಂದೆ, ಸೆರಗಿನೊಳಗೆ. ಹಾಗೆ ಬಿದ್ದ ಮರುದಿನ ಉಪವಾಸ ಮಾಡಬೇಕೆಂಬ ಆಸೆ ಕತ್ತು ಹಿಡಿಯುತ್ತಿತ್ತು. ಮಾಡಲಿಲ್ಲ. ಬೆಳಿಗ್ಗೆ ಎದ್ದು ಎಂದಿನಂತೆ ಜಗಲಿಯಲ್ಲಿ ಕೂತು ಎಂದಿನಷ್ಟೇ ಉಂಡೆ. ತಿನ್ನದಿರುವುದಕ್ಕಿಂತ ಇದು ಕಷ್ಟದ ಕೆಲಸ. ತಿನ್ನದಿದ್ದಾಗ ಊರು ಕಾಲು ಮುಟ್ಟುತ್ತದೆ, ಹದವಾಗಿ ಉಂಡರೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ದಿನ ತಿಪ್ಪವ್ವ ಎದುರು ಕಟ್ಟೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಕ್ಷಮಿಸಿದಳೆಂದು ನಾನು ತಿಳಿಯಲಿಲ್ಲ. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೇ.

ಫಕೀರವ್ವ ಮಾತ್ರ ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಮೂರೇ ಮನೆ ಆಚೆ ಇದ್ದಳು. ನಾನು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಮಧ್ಯಾಹ್ನ ಅವಳ ಮನೆಯ ಮುಂದೆ ಹಾದುಹೋಗುವಾಗ ಬಾಗಿಲು ತೆರೆದೇ ಇತ್ತು. ಒಳಗಿನಿಂದ ದನಿ ಬಂತು, "ಬಾ."

ಹೋದೆ. ಅವಳು ಒಲೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ಸಾವಂತ್ರಿ. ಆರು ವರ್ಷದ ಹುಡುಗಿ, ಎರಡು ಜಡೆ, ದೊಡ್ಡ ಕಣ್ಣು. ಯಾರು ಮಾತಾಡಿದರೂ ಆ ಕಣ್ಣು ಅವರ ತುಟಿಗೆ ಹೋಗಿ ನಿಲ್ಲುತ್ತಿತ್ತು.

ಫಕೀರವ್ವ ಒಲೆ ನೋಡುತ್ತಲೇ ಹೇಳಿದಳು, "ಮಂದಿ ಅಂತಾರ, ನೀ ಅವತ್ತ ಬಂದ ರೊಟ್ಟಿ ತಿನ್ನಲಿಲ್ಲಂದ್ರ ಕೂಸು ಉಳೀತಿದ್ದಿಲ್ಲಂತ. ಖರೇನ ಇರಬೇಕು. ಆದರ ನೀ ಮೊದಲನೇ ದಿನಾನ ತಿಂದಿದ್ದಿ. ಅವತ್ತ ಬಂದ ಹೇಳಿದ್ದರ ನನ್ನ ಮಗಳ ಕಿವಿನೂ ಉಳೀತಿದ್ದುವು."

"ಹೌದು," ಎಂದೆ.

"ನಾ ಅದನ್ನ ಮರಿಯಾಕಿ ಅಲ್ಲ."

"ಮರೀಬ್ಯಾಡ."

ಒಲೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಗೆ ಅಲ್ಲ. ನಾನು ಹೊರಡಲೆಂದು ತಿರುಗಿದೆ. ಆಗ ಅವಳು ಕೇಳಿದಳು:

"ಹಸಿವಾಗೇತೇನು?"

ತಿಂದೆಯಾ ಎಂದು ಕೇಳಿದವರಿದ್ದರು, ತಿನ್ನಲಿಲ್ಲ ತಾನೆ ಎಂದು ಕೇಳಿದವರಿದ್ದರು, ಇನ್ನೊಂದು ತುತ್ತು ಎಂದು ಬೇಡಿದವರಿದ್ದರು. ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಉತ್ತರಕ್ಕಾಗಿ ನನ್ನೊಳಗೇ ಹುಡುಕಬೇಕಾಗಿತ್ತು, ತಡವಾಯಿತು. ಅವಳು ಅವಸರಪಡಿಸಲಿಲ್ಲ. ಸಾವಂತ್ರಿ ತಾಯಿಯ ತುಟಿಯಿಂದ ಕಣ್ಣು ತೆಗೆದು ನನ್ನ ಬಾಯಿಯ ಮೇಲೆ ನಿಲ್ಲಿಸಿ, ಕಾಯುತ್ತಿದ್ದಳು.

ನಾನು ಅವಳ ಎದುರಿಗೆ ಕೂತೆ. ಅವಳಿಗೆ ತಿಳಿಯುವ ಹಾಗೆ, ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, "ಸ್ವಲ್ಪ."